ಭಾರದ ಗುಂಡೇ ಒಳ್ಳೆಯ ಗುಂಡೇ? ಏರ್ ರೈಫಲ್‌ಗೆ ಪೆಲೆಟ್ ಆರಿಸುವ ಕ್ರಮ

ಬ್ರಹ್ಮಾವರದ ನಮ್ಮ ಹಳೆಯ ಮನೆಯ ಚಾವಡಿಯ ಗೋಡೆಯಲ್ಲಿ ಎರಡು ಮರದ ಗೂಟಗಳಿವೆ. ಅಜ್ಜ ಕೋವಿ ತೂಗುಹಾಕುತ್ತಿದ್ದ ಗೂಟಗಳು ಅವು. ಕೋವಿ ಹೋಗಿ ಎಷ್ಟೋ ವರ್ಷವಾಯಿತು, ಆದರೆ ಅಜ್ಜನ ಕಾಲದ ಒಂದು ಮಾತು ಮಾತ್ರ ಮನೆಯಲ್ಲಿ ಉಳಿದುಬಿಟ್ಟಿದೆ: "ಗುಂಡು ಭಾರ ಇದ್ದಷ್ಟೂ ಒಳ್ಳೆಯದು." ಈಗ ಅದೇ ಅಂಗಳದಲ್ಲಿ ಅಕ್ಕನ ಮಗಳು ಏರ್ ರೈಫಲ್ ಹಿಡಿದು ಕಾಗದದ ಗುರಿಗೆ ಹೊಡೆಯುತ್ತಾಳೆ. ಮೊದಲ ಬಾರಿ ಪೆಲೆಟ್, ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡು, ತರಲು ಹೊರಟಾಗ ಅವಳೂ ಕೇಳಿದ್ದು ಭಾರದ ಡಬ್ಬಿಯನ್ನೇ. ಮಂಗಳೂರು, ಉಡುಪಿಯ ಕಡೆ ಈ ಆಟಕ್ಕೆ ಹೊಸದಾಗಿ ಬರುವ ಮಕ್ಕಳ ಅಪ್ಪ ಅಮ್ಮಂದಿರು ನನ್ನನ್ನು ಕೇಳುವ ಮೊದಲ ಪ್ರಶ್ನೆಯೂ ಇದೇ. ಹಾಗಾಗಿ ಉತ್ತರವನ್ನು ಒಮ್ಮೆ ವಿವರವಾಗಿ ಬರೆದಿಡುತ್ತಿದ್ದೇನೆ.

ಅಜ್ಜನ ಮಾತು ಸುಳ್ಳಲ್ಲ. ಅದು ಹುಟ್ಟಿದ ಜಾಗ ಬೇರೆ. ದೊಡ್ಡ ಪ್ರಾಣಿಯ ಬೇಟೆಯಲ್ಲಿ ಗುಂಡು ದಪ್ಪ ಚರ್ಮ, ಸ್ನಾಯು, ಎಲುಬುಗಳನ್ನು ದಾಟಿ ಒಳಗೆ ಹೋಗಬೇಕಿತ್ತು. ಒಂದೇ ಅಡ್ಡಳತೆಯ ಎರಡು ಗುಂಡುಗಳಲ್ಲಿ ಉದ್ದವಾದದ್ದು, ಅಂದರೆ ಭಾರವಾದದ್ದು, ಹೆಚ್ಚು ಆಳಕ್ಕೆ ಇಳಿಯುತ್ತದೆ. 1912ರಲ್ಲಿ ಬಂದ .375 ಹಾಲೆಂಡ್ ಅಂಡ್ ಹಾಲೆಂಡ್ ಎಂಬ ಬೇಟೆ ರೈಫಲ್‌ನ ತೋಟಾಗೆ 300 ಗ್ರೇನ್‌ನ ಗುಂಡು ಹೆಸರಾಗಿತ್ತು. ಎಂದರೆ ಸುಮಾರು 19.4 ಗ್ರಾಂ. ಅದರ ಮುಂದೆ ನಮ್ಮ ಪೆಲೆಟ್‌ನ ತೂಕ ಅರ್ಧ ಗ್ರಾಂ ಚಿಲ್ಲರೆ. ಬೇಟೆಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ನಮ್ಮಲ್ಲಿ ಮುಗಿಯಿತು, ಮುಗಿಯಬೇಕಾಗಿಯೂ ಇತ್ತು. ಕಾಗದಕ್ಕೆ ಚರ್ಮವಿಲ್ಲ, ಎಲುಬಿಲ್ಲ. ಅಲ್ಲಿ ಬೇಕಾದದ್ದು ಒಂದೇ ಗುಣ: ಮೊದಲ ಪೆಲೆಟ್ ಬಿದ್ದ ತೂತಿನಲ್ಲೇ ಐವತ್ತನೆಯ ಪೆಲೆಟ್ ಕೂಡ ಬೀಳಬೇಕು. ಆ ಗುಣ ಯಾವ ಪೆಲೆಟ್‌ಗೆ ಇದೆ ಎಂದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಅದನ್ನು ಹೇಳುವುದು ನಿಮ್ಮ ರೈಫಲ್‌ನ ನಳಿಗೆ ಮಾತ್ರ.

ಮೊದಲು ನಿಮ್ಮ ರೈಫಲ್ ಯಾವುದು ಎಂದು ತಿಳಿಯಿರಿ

ಮದ್ದಿನ ಕೋವಿಯಲ್ಲಿ ಮದ್ದು ಮಾಡುವ ಕೆಲಸವನ್ನು ಇಲ್ಲಿ ಗಾಳಿ ಮಾಡುತ್ತದೆ. ಆ ಗಾಳಿ ಹೇಗೆ ಹುಟ್ಟುತ್ತದೆ ಎಂಬುದರ ಮೇಲೆ ಪೆಲೆಟ್‌ನ ತೂಕ ನಿಂತಿದೆ.

ನಳಿಗೆಯನ್ನು ಮಡಚಿ ಸ್ಪ್ರಿಂಗ್ ಎಳೆಯುವ ರೈಫಲ್ ನಮ್ಮ ಕಡೆ ಹೆಚ್ಚು. ಕುದುರೆ (ಟ್ರಿಗರ್) ಎಳೆದಾಗ ಸ್ಪ್ರಿಂಗ್ ಬಿಚ್ಚಿ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಮುಂದಿರುವ ಗಾಳಿ ಒತ್ತಿಕೊಂಡು ಪೆಲೆಟ್ಟನ್ನು ದೂಡುತ್ತದೆ. ಪೆಲೆಟ್ ತೀರಾ ಹಗುರವಾಗಿದ್ದರೆ ಅದು ಬೇಗ ಹೊರಟುಬಿಡುತ್ತದೆ. ಪಿಸ್ಟನ್‌ಗೆ ಮೆತ್ತೆಯಾಗಬೇಕಿದ್ದ ಗಾಳಿಯೂ ಅದರ ಜೊತೆಗೇ ಹೋಗುತ್ತದೆ, ಪಿಸ್ಟನ್ ಕೊನೆಯ ಗೋಡೆಗೆ ಹೋಗಿ ಬಡಿಯುತ್ತದೆ. ತೀರಾ ಭಾರವಾಗಿದ್ದರೆ ಪೆಲೆಟ್ ಹೊರಡಲು ತಡಮಾಡುತ್ತದೆ. ಒತ್ತಿಕೊಂಡ ಗಾಳಿ ಪಿಸ್ಟನ್ನನ್ನೇ ಹಿಂದಕ್ಕೆ ಪುಟಿಸುತ್ತದೆ. ಎರಡರಲ್ಲೂ ಪೆಟ್ಟು ಸ್ಪ್ರಿಂಗ್‌ಗೂ, ಗಾಳಿ ಸೋರದಂತೆ ತಡೆಯುವ ಪಿಸ್ಟನ್‌ನ ಸೀಲ್‌ಗೂ. ಸಾಮಾನ್ಯ ಶಕ್ತಿಯ ಸ್ಪ್ರಿಂಗ್ ರೈಫಲ್‌ಗೆ 7ರಿಂದ 8.5 ಗ್ರೇನ್ ನಡುವಿನ ತೂಕ ಒಗ್ಗುತ್ತದೆ. ಭಾರದ ಪೆಲೆಟ್ ಹಾಕಿಯೇ ಒಂದು ಮಳೆಗಾಲ ಪೂರ್ತಿ ಅಭ್ಯಾಸ ಮಾಡಿದ ನಮ್ಮ ರೈಫಲ್‌ನ ಸ್ಪ್ರಿಂಗ್ ದೀಪಾವಳಿಯ ಹೊತ್ತಿಗೆ ಮುರಿಯಿತು. ಬಿಚ್ಚಿದಾಗ ಕೊನೆಯ ಸುತ್ತು ಎರಡು ತುಂಡಾಗಿತ್ತು, ಪಿಸ್ಟನ್‌ನ ಸೀಲ್ ಅಂಚಿನಲ್ಲಿ ಸೀಳಿತ್ತು. ಮುರಿದದ್ದಕ್ಕೆ ಪೆಲೆಟ್ ಒಂದೇ ಕಾರಣ ಎಂದು ಆಣೆ ಮಾಡಿ ಹೇಳಲಾರೆ. ಆದರೆ ಆಮೇಲೆ ನಮ್ಮ ಮನೆಗೆ ಭಾರದ ಡಬ್ಬಿ ಬಂದಿಲ್ಲ.

ಸಿಲಿಂಡರ್‌ನಲ್ಲಿ ಮೊದಲೇ ಗಾಳಿ ತುಂಬಿಟ್ಟುಕೊಂಡಿರುವ ರೈಫಲ್‌ಗಳಿಗೆ ಈ ಕಷ್ಟವಿಲ್ಲ. ಫೈನ್‌ವೆರ್ಕ್‌ಬೌ, ವಾಲ್ಥರ್, ಅನ್‌ಷುಟ್ಜ್‌ನಂತಹ ಸ್ಪರ್ಧೆಯ ರೈಫಲ್‌ಗಳೆಲ್ಲ ಈ ಬಗೆಯವು. ಒಳಗಿನ ರೆಗ್ಯುಲೇಟರ್ ಪ್ರತಿ ಹೊಡೆತಕ್ಕೂ ಒಂದೇ ಒತ್ತಡದ ಗಾಳಿಯನ್ನು ಅಳೆದು ಕೊಡುತ್ತದೆ, ಹಾಗಾಗಿ ತೂಕದ ಆಯ್ಕೆಗೆ ಸ್ವಾತಂತ್ರ್ಯ ಹೆಚ್ಚು. ಇಲ್ಲಿ ಕರಾವಳಿಯವರು ನೆನಪಿಡಬೇಕಾದ ಎರಡು ಮಾತುಗಳಿವೆ. ಜುಲೈ ತಿಂಗಳ ತೇವದ ಗಾಳಿಯನ್ನು ಕೈಪಂಪಿನಿಂದ ಸಿಲಿಂಡರ್‌ಗೆ ತುಂಬಿದರೆ ನೀರನ್ನೂ ತುಂಬಿದಂತೆಯೇ. ತೇವ ಹೀರುವ ಫಿಲ್ಟರ್ ಇರುವ ಕಂಪ್ರೆಸರ್‌ನಿಂದ ಮಾತ್ರ ತುಂಬಿಸಿ. ಇನ್ನೊಂದು, ದೋಣಿ ರಿಪೇರಿಯ ವೆಲ್ಡಿಂಗ್ ಶೆಡ್‌ಗಳಲ್ಲಿ ಆಮ್ಲಜನಕದ ಸಿಲಿಂಡರ್ ಸುಲಭವಾಗಿ ಸಿಗುತ್ತದೆ ಎಂದು ಅದರಿಂದ ತುಂಬಿಸುವ ಯೋಚನೆಯನ್ನೇ ಮಾಡಬೇಡಿ. ಎಣ್ಣೆ, ಗ್ರೀಸ್ ಇರುವ ಕಡೆ ಒತ್ತಡದ ಆಮ್ಲಜನಕ ಸೇರಿದರೆ ಸ್ಫೋಟವಾಗುತ್ತದೆ. ಸಿಲಿಂಡರ್ ಮೇಲೆ ಕೆತ್ತಿರುವ ತಾರೀಖನ್ನೂ ನೋಡಿ. ಸ್ಪರ್ಧೆಯ ರೈಫಲ್‌ಗಳ ಸಿಲಿಂಡರ್‌ಗೆ ಸಾಮಾನ್ಯವಾಗಿ 10 ವರ್ಷದ ಆಯಸ್ಸು.

ಕಾನೂನಿನ ಬಗ್ಗೆ ಇಷ್ಟು ತಿಳಿದಿರಲಿ: 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಒಳ ಅಡ್ಡಳತೆ 4.5 ಮಿ.ಮೀ. ಮೀರದ ನಳಿಗೆ, 20 ಜೂಲ್ ಮೀರದ ಶಕ್ತಿಯ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಇವೆರಡರಲ್ಲಿ ಯಾವುದು ಮೀರಿದರೂ ಬೇಕು. ಪರವಾನಗಿ ಬೇಡ ಎಂದ ಮಾತ್ರಕ್ಕೆ ಅದು ಆಟಿಕೆಯಲ್ಲ. ಗದ್ದೆಗೆ ಬರುವ ನವಿಲು, ತೋಟದ ಮಂಗ, ಪಾರಿವಾಳ ಯಾವುದರತ್ತಲೂ ಅದರ ಮೂತಿ ತಿರುಗಬಾರದು. ಕಾನೂನು ಇರಲಿ ಇಲ್ಲದಿರಲಿ, ನಮ್ಮ ಅಂಗಳದಲ್ಲಿ ಇದು ಮೊದಲ ನಿಯಮ, ತಪ್ಪಿದವರಿಗೆ ರೈಫಲ್ ಮತ್ತೆ ಸಿಗುವುದಿಲ್ಲ.

ಪೆಲೆಟ್ಟನ್ನು ಅಂಗೈಯಲ್ಲಿಟ್ಟು ನೋಡಿ

ಒಂದು ಪೆಲೆಟ್ಟನ್ನು ಅಂಗೈ ಮೇಲೆ ಹಾಕಿಕೊಂಡು ಭೂತಗನ್ನಡಿ ಹಿಡಿಯಿರಿ. ಮುಂದೆ ತಲೆ, ನಡುವೆ ಸಪೂರ ಸೊಂಟ, ಹಿಂದೆ ಅಗಲವಾದ ಟೊಳ್ಳು ಲಂಗ. ಯಕ್ಷಗಾನದ ಸ್ತ್ರೀವೇಷ ಸುತ್ತು ತಿರುಗಿ ನಿಂತಾಗಿನ ಹಾಗೆ ಲಂಗ ಹರಡಿಕೊಂಡಿರುತ್ತದೆ. ಹಿಂದಿನಿಂದ ಗಾಳಿ ಬಂದು ಒತ್ತಿದಾಗ ಮೆದು ಸೀಸದ ಈ ಲಂಗ ಅರಳಿ ನಳಿಗೆಯ ಒಳಗೋಡೆಗೆ ಅಂಟುತ್ತದೆ, ಗಾಳಿ ಸೋರದಂತೆ ತಡೆಯುತ್ತದೆ. ನಳಿಗೆಯ ಒಳಗಿನ ಸುರುಳಿ ಗೀರುಗಳು ಪೆಲೆಟ್ಟನ್ನು ತಿರುಗಿಸುತ್ತವೆ. ಸಾಮಾನ್ಯವಾಗಿ 40ರಿಂದ 45 ಸೆಂ.ಮೀ.ಗೆ ಒಂದು ಸುತ್ತು. ಹೊರಗೆ ಬಂದ ಮೇಲೆ ತಲೆ ಭಾರ, ಹಿಂಬದಿ ಹಗುರ ಇರುವುದರಿಂದ ಬ್ಯಾಡ್ಮಿಂಟನ್ ಶಟಲ್‌ನಂತೆ ಮೂಗು ಮುಂದಾಗಿಯೇ ಸಾಗುತ್ತದೆ.

ಈಗ ಲಂಗದ ಅಂಚನ್ನು ನೋಡಿ. ಅದು ಉರುಟಾಗಿ ಇರಬೇಕು. ಒಂದು ಕಡೆ ಉಗುರಿನಿಂದ ಒತ್ತಿದಂತೆ ತಗ್ಗಿದ್ದರೆ ಆ ಪೆಲೆಟ್ಟನ್ನು ಬದಿಗಿಡಿ. ಅಗ್ಗದ ಡಬ್ಬಿಗಳಲ್ಲಿ ಇಂಥವು ಧಾರಾಳ. ಅಂಚೆಯಲ್ಲಿ ಕುಲುಕಿಕೊಂಡು ಬಂದ ಒಳ್ಳೆಯ ಡಬ್ಬಿಯಲ್ಲೂ ಇರುತ್ತವೆ. ದುಬಾರಿ ಪೆಲೆಟ್‌ಗಳು ಪ್ರತ್ಯೇಕ ಗುಳಿಗಳಿರುವ ತಟ್ಟೆಯಲ್ಲಿ ಬರುವುದು ಇದೇ ಕಾರಣಕ್ಕೆ.

ಆಕಾರ ಆರಿಸುವುದು ಸುಲಭ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 10 ಮೀಟರ್ ಕಾಗದದ ಗುರಿಗೆ ಚಪ್ಪಟೆ ತಲೆಯದು. ಅದು ಪಂಚಿಂಗ್ ಮಿಷನ್‌ನಂತೆ ದುಂಡನೆಯ ತೂತು ಕತ್ತರಿಸುತ್ತದೆ, ಅಂಕ ಓದಲು ತಕರಾರಿಲ್ಲ. 25 ಮೀಟರ್ ದಾಟಿದರೆ ಗುಮ್ಮಟದಂತಹ ದುಂಡು ತಲೆಯದು. ಚೂಪು ತಲೆಯದು ನೋಡಲು ಚಂದ ಅಷ್ಟೇ. ತುದಿ ನಟ್ಟನಡುವೆ ಇಲ್ಲದ ಪೆಲೆಟ್ ಓರೆಯಾಗಿ ಹಾರುತ್ತದೆ.

ಹೆಚ್ಚಿನವರು ಗಮನಿಸದ ಅಳತೆ ತಲೆಯ ಅಡ್ಡಳತೆ. ಡಬ್ಬಿಯ ಮೇಲೆ 4.49, 4.50, 4.51 ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಮಿಲಿಮೀಟರಿನ ನೂರನೆಯ ಒಂದು ಭಾಗದ ವ್ಯತ್ಯಾಸಕ್ಕೆ ಏನು ಬೆಲೆ ಎಂದು ಕೇಳಬಹುದು. ತಲೆ ಸಣ್ಣದಾದರೆ ಸುರುಳಿ ಗೀರುಗಳು ಅದನ್ನು ಹಿಡಿಯುವುದಿಲ್ಲ, ಪೆಲೆಟ್ ನಳಿಗೆಯೊಳಗೆ ಅತ್ತಿತ್ತ ಓಲಾಡಿಕೊಂಡು ಹೋಗುತ್ತದೆ. ದೊಡ್ಡದಾದರೆ ಸೀಸ ಹೆರೆದುಹೋಗುತ್ತದೆ. ಬೆರಳಿಗೂ ಇದು ಗೊತ್ತಾಗುತ್ತದೆ: ಒಗ್ಗುವ ಪೆಲೆಟ್ ಹೆಬ್ಬೆರಳಿನಿಂದ ಮೆತ್ತಗೆ ಒತ್ತಿದಾಗ ತುಸು ಬಿಗಿಯಾಗಿ, ನುಣ್ಣಗೆ ಕೂರುತ್ತದೆ. ತಾನಾಗಿಯೇ ಒಳಗೆ ಬಿದ್ದುಹೋದರೆ ಅಳತೆ ಸಣ್ಣದು. ಮಡಚುವ ರೈಫಲ್‌ನಲ್ಲಿ ಪೆಲೆಟ್ ಕೂರಿಸುವಾಗ ಇನ್ನೊಂದು ಕೈ ನಳಿಗೆಯನ್ನು ಬಿಗಿಯಾಗಿ ಹಿಡಿದಿರಲೇಬೇಕು. ಕೊಂಡಿ ಜಾರಿ ನಳಿಗೆ ಫಟಾರನೆ ಮುಚ್ಚಿಕೊಂಡರೆ ಹೆಬ್ಬೆರಳು ಉಳಿಯುವುದಿಲ್ಲ.

ತೂಕದ ಲೆಕ್ಕ

ಪೆಲೆಟ್ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. ಒಂದು ಗ್ರೇನ್ ಎಂದರೆ 0.0648 ಗ್ರಾಂ. ಸ್ಪರ್ಧೆಯಲ್ಲಿ ಹೆಚ್ಚಾಗಿ ಬಳಸುವ 8.2 ಗ್ರೇನ್‌ನ ಪೆಲೆಟ್ 0.53 ಗ್ರಾಂ. ನಮ್ಮ ಹಳೆಯ ಅಳತೆಯಲ್ಲಿ ನಾಲ್ಕು ಗುಲಗಂಜಿಗೆ ತುಸು ಹೆಚ್ಚು.

ಭಾರವಾದರೆ ಏನಾಗುತ್ತದೆ ಎಂಬುದನ್ನು ಅಂಕಿಗಳಲ್ಲೇ ನೋಡೋಣ. ನಿಮ್ಮ ರೈಫಲ್ 7.2 ಜೂಲ್ ಶಕ್ತಿ ಕೊಡುತ್ತದೆ ಎಂದಿಟ್ಟುಕೊಳ್ಳಿ. ಸ್ಪರ್ಧೆಯ ರೈಫಲ್‌ಗಳು ಹೆಚ್ಚುಕಡಿಮೆ ಅಷ್ಟೇ ಕೊಡುವುದು. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ ಸುಮಾರು 165 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದೇ ಶಕ್ತಿಯಲ್ಲಿ 10.5 ಗ್ರೇನ್‌ನ, ಎಂದರೆ 0.68 ಗ್ರಾಂನ ಪೆಲೆಟ್ ಸುಮಾರು 145 ಮೀಟರ್ ವೇಗದಲ್ಲಿ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ 10 ಮೀಟರ್ ತಲುಪುವಷ್ಟರಲ್ಲಿ ಮೊದಲನೆಯದು 18 ಮಿ.ಮೀ. ಕೆಳಗಿಳಿದಿರುತ್ತದೆ, ಎರಡನೆಯದು 23 ಮಿ.ಮೀ. ಐದು ಮಿಲಿಮೀಟರ್ ವ್ಯತ್ಯಾಸ. 10 ಮೀಟರ್ ರೈಫಲ್‌ನ ಗುರಿಯಲ್ಲಿ ಹತ್ತರ ಅಂಕದ ಚುಕ್ಕೆಯ ಅಡ್ಡಳತೆ ಅರ್ಧ ಮಿಲಿಮೀಟರ್, ಒಂದು ವೃತ್ತದಿಂದ ಮುಂದಿನ ವೃತ್ತಕ್ಕೆ ಎರಡೂವರೆ ಮಿಲಿಮೀಟರ್. ಹಾಗಾಗಿ ಡಬ್ಬಿ ಬದಲಿಸಿದ್ದರಿಂದಲೇ ಎರಡು ಅಂಕ ಕೆಳಗೆ ಹೋಯಿತು. ಸೈಟ್, ಅಂದರೆ ರೈಫಲ್ ಮೇಲಿನ ಗುರಿ ನೋಡುವ ಸಾಧನವನ್ನು ತಿರುಗಿಸಿ ಅದನ್ನು ಸರಿಪಡಿಸಬಹುದು, ನಿಜ. ಸರಿಪಡಿಸಲಾಗದ್ದು ಸಮಯ. ನಿಧಾನದ ಪೆಲೆಟ್ ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಕುದುರೆ ಎಳೆದ ಮೇಲೆ ಕೈ ಅಲುಗಿದರೆ ಆ ಅಲುಗು ಗುರಿಯ ಮೇಲೆ ಕಾಣುತ್ತದೆ. ಕಲಿಯುವ ಮಕ್ಕಳ ಕೈ ಅಲುಗದೆ ಇರುವುದಿಲ್ಲ. ಅವರಿಗೆ ಬೇಗ ಹೊರಡುವ ಪೆಲೆಟ್ಟೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ಭಾರದ ಪೆಲೆಟ್‌ಗೂ ಅದರದೇ ಜಾಗವಿದೆ. 20 ಜೂಲ್‌ನ ಹತ್ತಿರ ಶಕ್ತಿಯಿರುವ ರೈಫಲ್‌ಗೆ ಐದೂವರೆ ಗ್ರೇನ್‌ನ ಹಗುರ ಮಿಶ್ರಲೋಹದ ಪೆಲೆಟ್ ಹಾಕಿದರೆ ವೇಗ ಸೆಕೆಂಡಿಗೆ 335 ಮೀಟರ್ ಆಸುಪಾಸಿಗೆ ಏರುತ್ತದೆ. ಅದು ಶಬ್ದದ ವೇಗದ ಬಾಗಿಲು. ಆ ಬಾಗಿಲ ಬಳಿ ಗಾಳಿ ಅದುರಿ ಪೆಲೆಟ್ ದಾರಿ ತಪ್ಪುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮುದ್ರಿಸುವ ವೇಗದ ಅಂಕಿಗಳು ಬಹುಮಟ್ಟಿಗೆ ಇಂತಹ ಹಗುರ ಪೆಲೆಟ್‌ಗಳಲ್ಲಿ ಅಳೆದವು. ಅವುಗಳನ್ನು ನೋಡಿ ರೈಫಲ್ ಕೊಳ್ಳಬೇಡಿ. ಅದೇ ರೈಫಲ್‌ನಲ್ಲಿ 8.2 ಗ್ರೇನ್ ಪೆಲೆಟ್ 275ರ ಹತ್ತಿರ, ಹತ್ತೂವರೆ ಗ್ರೇನ್‌ನದು 240ರ ಹತ್ತಿರ ಓಡುತ್ತದೆ. ಸಿಲಿಂಡರ್ ಗಾಳಿಯ ಅಂತಹ ರೈಫಲ್‌ನಲ್ಲಿ, 50 ಮೀಟರ್ ದೂರಕ್ಕೆ, ದುಂಡು ತಲೆಯ ಭಾರದ ಪೆಲೆಟ್ ಗಾಳಿಗೆ ಕಡಿಮೆ ಬಾಗುತ್ತದೆ, ವೇಗವನ್ನು ಉಳಿಸಿಕೊಳ್ಳುತ್ತದೆ. ಅಜ್ಜನ ಮಾತಿಗೆ ಅಲ್ಲಿ ಸ್ವಲ್ಪ ಬೆಲೆಯಿದೆ.

ಕೊಳ್ಳುವುದು

ಒಂದೇ ಬಗೆಯ ಐದು ಡಬ್ಬಿ ಕೊಳ್ಳುವ ಬದಲು ಐದು ಬಗೆಯ ಒಂದೊಂದು ಡಬ್ಬಿ ಕೊಳ್ಳಿ. ಅಕಾಡೆಮಿಯಲ್ಲೋ ಕ್ಲಬ್ಬಿನಲ್ಲೋ ಗೆಳೆಯರಿದ್ದರೆ ಇನ್ನೂ ಒಳ್ಳೆಯದು, ಒಬ್ಬೊಬ್ಬರು ಒಂದೊಂದು ಡಬ್ಬಿ ತೆಗೆದುಕೊಂಡು ಐವತ್ತೈವತ್ತು ಹಂಚಿಕೊಳ್ಳಬಹುದು. ಜರ್ಮನಿಯ ಆರ್‌ಡಬ್ಲ್ಯುಎಸ್ ಮತ್ತು ಎಚ್ ಅಂಡ್ ಎನ್, ಜೆಕ್ ದೇಶದ ಜೆಎಸ್‌ಬಿ, ಚೀನಾದ ಚಿಯಾಂಗ್ ಯುವಾನ್ ಎಲ್ಲವೂ ಸ್ಪರ್ಧೆಯ ಪೆಲೆಟ್ ತಯಾರಿಸುತ್ತವೆ. ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ, ಯಾರ ಬಳಿಯೂ ಇರಬಾರದು. ಒಂದೇ ಕಾರ್ಖಾನೆಯಿಂದ ಒಂದೇ ವಾರ ಹೊರಬಂದ ಎರಡು ರೈಫಲ್‌ಗಳು ಬೇರೆ ಬೇರೆ ಪೆಲೆಟ್ಟನ್ನು ಇಷ್ಟಪಟ್ಟದ್ದನ್ನು ನಾನು ನೋಡಿದ್ದೇನೆ.

ಡಬ್ಬಿಯ ತಳದಲ್ಲೋ ಬದಿಯಲ್ಲೋ ಲಾಟ್ ಸಂಖ್ಯೆ, ಅಂದರೆ ಯಾವ ಕಂತಿನಲ್ಲಿ ತಯಾರಾದದ್ದು ಎಂಬ ಗುರುತು, ಇರುತ್ತದೆ. ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಅಚ್ಚು ಸವೆದಂತೆ ಪೆಲೆಟ್ ಕೂಡ ಬದಲಾಗುತ್ತದೆ. ಅದೇ ಹೆಸರಿನ, ಬೇರೆ ಲಾಟ್‌ನ ಡಬ್ಬಿಯನ್ನು ಹೊಸ ಪೆಲೆಟ್ ಎಂದೇ ತಿಳಿಯಬೇಕು.

ಅಂಗಳದಲ್ಲಿ ಪರೀಕ್ಷೆ

ಹತ್ತು ಮೀಟರನ್ನು ಹೆಜ್ಜೆಯಲ್ಲಿ ಅಳೆಯಬೇಡಿ, ಟೇಪ್ ಹಿಡಿಯಿರಿ. ನಮ್ಮಲ್ಲಿ ಜಗಲಿಯ ಅಂಚಿನಿಂದ ಹಳೆಯ ಕೊಟ್ಟಿಗೆಯ ಗೋಡೆಗೆ ಸರಿಯಾಗಿ ಹನ್ನೊಂದು ಮೀಟರ್ ಸಿಕ್ಕಿತು. ಗುರಿಯ ನಡುಭಾಗ ನೆಲದಿಂದ 1.4 ಮೀಟರ್ ಎತ್ತರ ಎಂಬುದು ಸ್ಪರ್ಧೆಯ ನಿಯಮ. ಕುಳಿತು ಪರೀಕ್ಷಿಸುವಾಗ ಮೇಜಿನ ಎತ್ತರಕ್ಕೆ ಇಳಿಸಿಕೊಳ್ಳಬಹುದು.

ಕೆಂಪುಕಲ್ಲಿನ ಗೋಡೆಯನ್ನು ನಂಬಿ ಅದರ ಮುಂದೆ ಕಾಗದ ಅಂಟಿಸುವವರಿದ್ದಾರೆ. ಹಾಗೆ ಮಾಡಬಾರದು. ಪೆಲೆಟ್ ಕಲ್ಲಿನ ಗಟ್ಟಿ ಭಾಗಕ್ಕೆ ತಾಗಿದರೆ ನಿಮ್ಮತ್ತಲೇ ಮರಳುತ್ತದೆ, ಇಲ್ಲವೇ ಕಲ್ಲಿನ ಚೂರು ಹಾರುತ್ತದೆ. ಒಂದಡಿ ಆಳದ ಮರದ ಪೆಟ್ಟಿಗೆಗೆ ಹಳೆಯ ಬಟ್ಟೆಯನ್ನು ಒತ್ತಿ ತುಂಬಿ, ಹಿಂಬದಿಗೆ 3 ಮಿ.ಮೀ. ದಪ್ಪದ ಕಬ್ಬಿಣದ ತಗಡು ಕೊಡಿ. ಸೀಸವೆಲ್ಲ ಅಲ್ಲೇ ನಿಲ್ಲುತ್ತದೆ. ಹೊಡೆಯುವವರಿಗೂ ನೋಡುವವರಿಗೂ ಕಣ್ಣಿಗೆ ರಕ್ಷಣೆಯ ಕನ್ನಡಕ ಇರಬೇಕು. ಗುರಿಯ ಕಡೆ ಮನೆಯ ಬಾಗಿಲೋ ಬಚ್ಚಲಿಗೆ ಹೋಗುವ ದಾರಿಯೋ ಇದ್ದರೆ ಜಾಗವನ್ನೇ ಬದಲಿಸಿ.

ಬೆಳಗ್ಗೆ ಬೇಗ ಕುಳಿತುಕೊಳ್ಳಿ. ಹನ್ನೊಂದು ಗಂಟೆ ದಾಟಿತೆಂದರೆ ಕಡಲಗಾಳಿ ಏಳುತ್ತದೆ, ತೆಂಗಿನ ಗರಿ ಅಲುಗಲು ಶುರುವಾದ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಪೆಲೆಟ್‌ನ ಗುಣ ಯಾವುದು, ಗಾಳಿಯ ಗುಣ ಯಾವುದು ಎಂದು ಬಿಡಿಸಿ ಹೇಳಲಾಗದು. ಮಳೆಗಾಲದಲ್ಲಿ ಉದ್ದನೆಯ ಹಜಾರವೇ ಗತಿ.

ರೈಫಲ್‌ಗೆ ಆಸರೆಯಾಗಿ ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದು ಚೀಲ ಮಾಡಿ. ಕಡಲತೀರದ ಹೊಯಿಗೆ ತುಂಬಬೇಡಿ. ಅದರ ಉಪ್ಪು ಬಟ್ಟೆ ದಾಟಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಕುಚಲಕ್ಕಿ ತುಂಬಿದರೆ ಸಾಕು. ಸ್ಪ್ರಿಂಗ್ ರೈಫಲನ್ನು ಈ ಚೀಲದ ಮೇಲೂ ನೇರವಾಗಿ ಇಡಬಾರದು. ಚೀಲದ ಮೇಲೆ ನಿಮ್ಮ ಅಂಗೈ, ಅಂಗೈ ಮೇಲೆ ರೈಫಲ್. ಮಗುವಿನ ತಲೆಗೆ ಕೈ ಕೊಟ್ಟಂತೆ ಸಡಿಲವಾಗಿರಲಿ. ಪಿಸ್ಟನ್ ಓಡುವಾಗ ರೈಫಲ್ ಹಿಂದಕ್ಕೂ ಮುಂದಕ್ಕೂ ಅದುರುತ್ತದೆ. ಬಿಗಿಯಾಗಿ ಅದುಮಿದರೆ ಪ್ರತಿ ಸಲ ಬೇರೆ ಬೇರೆ ರೀತಿ ಅದುರುತ್ತದೆ, ಬಿಟ್ಟುಕೊಟ್ಟರೆ ಪ್ರತಿ ಸಲ ಒಂದೇ ರೀತಿ.

ಇನ್ನು ಹೊಡೆಯುವ ಕ್ರಮ. ನಳಿಗೆಯನ್ನು ಫೆಲ್ಟ್ ಉಂಡೆಯಿಂದ ಒರೆಸಿ ಶುರುಮಾಡಿ. ಒಂದು ಬಗೆಯ ಪೆಲೆಟ್ ತೆಗೆದುಕೊಂಡರೆ ಮೊದಲ ಹತ್ತನ್ನು ಲೆಕ್ಕಕ್ಕೆ ಹಿಡಿಯದೆ ಹೊಡೆಯಿರಿ, ನಳಿಗೆಯೊಳಗೆ ಹಿಂದಿನ ಬಗೆಯ ಸೀಸ, ಎಣ್ಣೆಯ ಲೇಪ ಉಳಿದಿರುತ್ತದೆ. ಆಮೇಲೆ ಐದು ಹೊಡೆತದ ಒಂದು ಗ್ರೂಪ್, ಹೊಸ ಕಾಗದಕ್ಕೆ ಇನ್ನೊಂದು. ಬಗೆಯೊಂದಕ್ಕೆ ಕನಿಷ್ಠ ಐದು ಗ್ರೂಪ್. ಐದನ್ನೂ ಒಂದೇ ಬಾರಿಗೆ ಮುಗಿಸಬೇಡಿ: ಎರಡು ಗ್ರೂಪ್ ಈ ಬಗೆ, ಎರಡು ಗ್ರೂಪ್ ಆ ಬಗೆ, ಮತ್ತೆ ಮೊದಲಿನದು, ಹೀಗೆ ಸುತ್ತಿ ಬನ್ನಿ. ಇಲ್ಲವಾದರೆ ದಣಿದ ಮೇಲೆ ಹೊಡೆದ ಪೆಲೆಟ್‌ಗೆ ಅನ್ಯಾಯವಾಗುತ್ತದೆ. ಅಂಕ ನೋಡಬೇಡಿ, ಗುರುತು ಎಲ್ಲಿ ಬಿತ್ತೆಂಬುದೂ ಈಗ ಮುಖ್ಯವಲ್ಲ. ಐದೂ ಎಷ್ಟು ಒತ್ತಾಗಿ ಬಿದ್ದಿವೆ ಎಂಬುದಷ್ಟೇ ಮುಖ್ಯ. ತೀರಾ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿದು ಅಳೆಯಿರಿ, ಅದರಲ್ಲಿ 4.5 ಮಿ.ಮೀ. ಕಳೆಯಿರಿ. ಅದು ಆ ಗ್ರೂಪ್‌ನ ಅಳತೆ.

ಈ ಹಂತದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಐದರಲ್ಲಿ ಒಂದು ಗ್ರೂಪ್ ಅದ್ಭುತವಾಗಿ ಬಂದಿರುತ್ತದೆ, ಐದೂ ಹೊಡೆತ ಒಂದೇ ತೂತಿನಲ್ಲಿ. ಆ ಕಾಗದವನ್ನು ಗೋಡೆಗೆ ಅಂಟಿಸಿ ಆ ಪೆಲೆಟ್ಟನ್ನೇ ಕೊಳ್ಳುತ್ತಾರೆ. ಅದೃಷ್ಟದ ಒಂದು ಗ್ರೂಪ್ ಯಾವ ಪೆಲೆಟ್‌ನಲ್ಲೂ ಬರುತ್ತದೆ. ಐದರ ಸರಾಸರಿ ತೆಗೆಯಿರಿ, ಅತಿ ಕೆಟ್ಟ ಗ್ರೂಪ್ ಎಷ್ಟು ಎಂಬುದನ್ನೂ ಬರೆದುಕೊಳ್ಳಿ. ಸರಾಸರಿ ಹತ್ತಿರಹತ್ತಿರ ಇದ್ದರೆ, ಕೆಟ್ಟ ದಿನದಲ್ಲಿ ಕಡಿಮೆ ಕೆಡುವ ಪೆಲೆಟ್ಟನ್ನು ನಾನು ಆರಿಸುತ್ತೇನೆ. ನಮ್ಮ ಸ್ಪ್ರಿಂಗ್ ರೈಫಲ್‌ನಲ್ಲಿ ದುಬಾರಿಯ ಹತ್ತೂವರೆ ಗ್ರೇನ್ ಪೆಲೆಟ್‌ನ ಸರಾಸರಿ 13 ಮಿ.ಮೀ. ಬಂತು, ಅದರ ಅರ್ಧ ಬೆಲೆಯ 7.6 ಗ್ರೇನ್‌ನದು 7 ಮಿ.ಮೀ. ಅಕ್ಕನ ಮಗಳು ಎರಡು ಕಾಗದಗಳನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾ ನಿಂತಿದ್ದಳು. ನಾನು ಮಾತಿನಲ್ಲಿ ಎಷ್ಟು ಹೇಳಿದ್ದರೂ ಅವಳಿಗೆ ಅಷ್ಟು ತಿಳಿಯುತ್ತಿರಲಿಲ್ಲ.

ತೂಗಿ ಬೇರ್ಪಡಿಸುವುದು

ಆಯ್ಕೆಯಾದ ಪೆಲೆಟ್ಟನ್ನು ತೂಗುವುದು ಮುಂದಿನ ಹಂತ. ಇದು ಎಲ್ಲರಿಗೂ ಅಗತ್ಯವಿಲ್ಲ. ಅಭ್ಯಾಸದ ಮೊದಲ ವರ್ಷ ಖಂಡಿತ ಬೇಡ. ಸ್ಪರ್ಧೆಗೆ ಹೋಗುವವರು ಮಾಡಬಹುದು. ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು. ರಥಬೀದಿಯ ಅಕ್ಕಸಾಲಿಗರೊಬ್ಬರು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತಮ್ಮ ಗಾಜಿನ ಪೆಟ್ಟಿಗೆಯ ತಕ್ಕಡಿಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಫ್ಯಾನ್ ಆರಿಸಿ, ಗಾಜು ಮುಚ್ಚಿ, ಚಿಮಟದಿಂದ ಒಂದೊಂದನ್ನೇ ಇಟ್ಟು ನೋಡಿದೆವು. ಒಳ್ಳೆಯ ಡಬ್ಬಿಯಲ್ಲಿ ಹೆಚ್ಚಿನವು ಎರಡು ಮೂರು ಮಿಲಿಗ್ರಾಂ ಅಂತರದಲ್ಲೇ ನಿಂತವು. ಅಗ್ಗದ್ದರಲ್ಲಿ ಇಪ್ಪತ್ತು ಮಿಲಿಗ್ರಾಂ ದಾಟಿದವೂ ಇದ್ದವು. ಗುಂಪಿನಿಂದ ತೀರಾ ಹೊರಗುಳಿದವನ್ನು ಅಭ್ಯಾಸಕ್ಕೆ ಇಡಿ, ಉಳಿದವನ್ನು ಸ್ಪರ್ಧೆಗೆ. ಆದರೆ ಲಂಗ ಸೊಟ್ಟಗಾದ ಪೆಲೆಟ್ ಸರಿಯಾದ ತೂಕ ತೂಗಿದರೂ ಸೊಟ್ಟ ಪೆಲೆಟ್ಟೇ, ಹಾಗಾಗಿ ಕಣ್ಣಿನ ಪರೀಕ್ಷೆ ಮೊದಲು, ತಕ್ಕಡಿ ಆಮೇಲೆ.

ಉಪ್ಪುಗಾಳಿಯಲ್ಲಿ ಕಾಪಾಡುವುದು

ಮಲ್ಪೆಯಿಂದ ಉಳ್ಳಾಲದವರೆಗೆ ಕಡಲಿಗೆ ಹತ್ತಿರ ಮನೆಯಿರುವವರಿಗೆ ಇದು ಉಳಿದೆಲ್ಲಕ್ಕಿಂತ ಮುಖ್ಯ. ತೆರೆದಿಟ್ಟ ಸೀಸದ ಪೆಲೆಟ್ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೂದುಬಣ್ಣಕ್ಕೆ ತಿರುಗಿ ಮೇಲೆ ಬಿಳಿ ಹುಡಿ ಕಟ್ಟುತ್ತದೆ. ಆ ಹುಡಿ ಪೆಲೆಟ್‌ನ ಅಳತೆಯನ್ನೂ ಕೆಡಿಸುತ್ತದೆ, ಉಸಿರಿಗೂ ಕೈಗೂ ವಿಷ. ಹುಡಿ ಕಟ್ಟಿದ ಡಬ್ಬಿಯನ್ನು ತೊಳೆದು ಬಳಸುವ ಪ್ರಯತ್ನ ಬೇಡ. ಡಬ್ಬಿಗಳನ್ನು ರಬ್ಬರ್ ಅಂಚಿನ ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ಜೆಲ್‌ನ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿದರೆ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆ ಅಡುಗೆಗೆ ಮರಳಬಾರದು. ರೈಫಲನ್ನು ಸ್ಪಂಜಿನ ಚೀಲದೊಳಗೆ ತಿಂಗಳುಗಟ್ಟಲೆ ಇಡಬೇಡಿ, ಸ್ಪಂಜು ತೇವವನ್ನು ಹಿಡಿದಿಟ್ಟುಕೊಂಡು ಉಕ್ಕಿಗೆ ಉಣಿಸುತ್ತದೆ. ಬೆವರು ಕೈಯಲ್ಲಿ ಮುಟ್ಟಿದ ಮೇಲೆ ಎಣ್ಣೆ ಬಟ್ಟೆಯಿಂದ ಹೊರಮೈ ಒರೆಸಿ, ಬೀಗವಿರುವ ಕಪಾಟಿನಲ್ಲಿ ನಿಲ್ಲಿಸಿ. ಎಣ್ಣೆ ಹೊರಗೆ ಮಾತ್ರ. ಸ್ಪ್ರಿಂಗ್ ರೈಫಲ್‌ನ ಗಾಳಿಕೋಣೆಗೆ ಎಣ್ಣೆ ಸೇರಿದರೆ ಒತ್ತಡದ ಬಿಸಿಗೆ ಅದು ಹೊತ್ತಿ ಸೀಲ್ ಸುಡುತ್ತದೆ.

ಮಕ್ಕಳಿಗೆ ಒಂದು ಕೆಟ್ಟ ಚಾಳಿ ಇದೆ, ಮುಂದಿನ ಪೆಲೆಟ್ಟನ್ನು ತುಟಿಯ ನಡುವೆ ಇಟ್ಟುಕೊಳ್ಳುವುದು. ಮೊದಲ ದಿನವೇ ತಡೆಯಿರಿ. ಬೆಳೆಯುವ ಮಕ್ಕಳ ಮಿದುಳಿಗೆ ಸೀಸ ದೊಡ್ಡ ಅಪಾಯ. ಅಭ್ಯಾಸ ಮುಗಿದ ಕೂಡಲೇ ತಣ್ಣೀರು, ಸಾಬೂನಿನಿಂದ ಕೈ ತೊಳೆಯಬೇಕು, ಆಮೇಲೆಯೇ ತಿಂಡಿ. ಗುರಿಪೆಟ್ಟಿಗೆಯ ಸುತ್ತ ಬಿದ್ದ ಹುಡಿಯನ್ನು ಪೊರಕೆಯಿಂದ ಗುಡಿಸಿದರೆ ಗಾಳಿಗೆ ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಪೆಟ್ಟಿಗೆಯಲ್ಲಿ ಕೂಡಿದ ಸೀಸವನ್ನು ತೋಟಕ್ಕೆ, ಬಾವಿಯ ಬದಿಗೆ ಚೆಲ್ಲದೆ ಮುಚ್ಚಳದ ಡಬ್ಬಿಯಲ್ಲಿ ಸೇರಿಸಿಟ್ಟು ಗುಜರಿಗೆ ಕೊಡಬಹುದು.

ಪರೀಕ್ಷೆಯಲ್ಲಿ ಗೆದ್ದ ಪೆಲೆಟ್‌ನ ಹೆಸರು, ತಲೆಯ ಅಳತೆ, ತೂಕ, ಲಾಟ್ ಸಂಖ್ಯೆ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ. ಅದೇ ಲಾಟ್‌ನ ಡಬ್ಬಿಗಳು ಅಂಗಡಿಯಲ್ಲಿ ಉಳಿದಿರುವಾಗಲೇ ಒಂದು ವರ್ಷಕ್ಕೆ ಬೇಕಾಗುವಷ್ಟು ತಂದಿಡಿ. ವಾರಕ್ಕೆ ಮುನ್ನೂರು ಹೊಡೆಯುವ ಮಗುವಿಗೆ 500ರ ಡಬ್ಬಿಗಳು ಮೂವತ್ತೆರಡು ಬೇಕಾದೀತು. ಲಾಟ್ ಮುಗಿಯಲು ಎರಡು ಡಬ್ಬಿ ಬಾಕಿ ಇರುವಾಗ ಮುಂದಿನ ಲಾಟ್ ತರಿಸಿ, ಅಕ್ಕಿಚೀಲ, ಮೇಜು ಎರಡನ್ನೂ ಮತ್ತೆ ಅಂಗಳಕ್ಕೆ ಇಳಿಸಿ.